ಮಿಸರಿಗೆ ಹೋಗಿದ್ದ ಸವಾರ

ನಮ್ಮ ದಾದಿಯ ತಗಡಿನ ಪೆಟ್ಟಿಗೆಯಲ್ಲಿ ಒಂದು ಕಂಚಿನ ಬಿಲ್ಲೆ ಇತ್ತು. ಹಳೆಯ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ರೆಕ್ಕೆ ಬಿಚ್ಚಿ ನಿಂತ ಹೆಂಗಸಿನ ಚಿತ್ರವಿತ್ತು. ಚಿತ್ರವಿರುವ ವಸ್ತು ಮನೆಯಲ್ಲಿ ಕಾಣಬಾರದೆಂದು ದಾದಿ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಆದರೆ ಎಸೆದಿರಲಿಲ್ಲ. ಅದು ಅವರ ಮಾವನದು, ಅಂದರೆ ನಮ್ಮ ತಂದೆಯ ಅಜ್ಜನದು. "ಜರ್ಮನ್ ಲಡಾಯಿಯಲ್ಲಿ ಸರಕಾರ ಕೊಟ್ಟದ್ದು" ಎನ್ನುವುದಷ್ಟೇ ಅದರ ಬಗ್ಗೆ ಮನೆಯಲ್ಲಿ ಉಳಿದಿದ್ದ ಚರಿತ್ರೆ.

ಬಿಲ್ಲೆಯ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಮೊದಲು ಒಂದು ಸಂಖ್ಯೆ, ಆಮೇಲೆ ಎಸ್, ಡಬ್ಲ್ಯು, ಆರ್ ಎಂಬ ಮೂರು ಅಕ್ಷರ, ಆಮೇಲೆ ಹೆಸರು, ಕೊನೆಯಲ್ಲಿ ಮೈಸೂರು ಲ್ಯಾನ್ಸರ್ಸ್. ಆ ಮೂರು ಅಕ್ಷರಗಳನ್ನು ನಮ್ಮ ಚಿಕ್ಕಪ್ಪ ಇನಿಷಿಯಲ್ ಎಂದೇ ತಿಳಿದಿದ್ದರು. ಎಸ್ ಎಂದರೆ ಸೈಯದ್ ಎಂದು ಅರ್ಥಮಾಡಿ, ನಮ್ಮದು ಸೈಯದರ ವಂಶವೆಂದು ಒಂದೆರಡು ಮದುವೆ ಮಾತುಕತೆಗಳಲ್ಲಿ ಹೇಳಿಕೊಂಡದ್ದೂ ಉಂಟು. ಅದು ಇನಿಷಿಯಲ್ ಅಲ್ಲ. ಸವಾರ್ ಎಂಬ ಪದವನ್ನು ಬ್ರಿಟಿಷರ ಪದಕದ ಕಾರಖಾನೆ ಕತ್ತರಿಸಿ ಹಾಗೆ ಬರೆದಿತ್ತು. ಸವಾರ್ ಎಂದರೆ ಕುದುರೆ ದಳದ ಅತಿ ಕೆಳಗಿನ ಸಿಪಾಯಿ. ಅವನ ಮೇಲೆ ದಫೇದಾರ್, ಅವನ ಮೇಲೆ ಜಮೇದಾರ್, ಅದಕ್ಕೂ ಮೇಲೆ ರಿಸಾಲ್ದಾರ್. ನಮ್ಮ ಮುತ್ತಜ್ಜ ಸವಾರರಾಗಿ ಹೋಗಿ ಸವಾರರಾಗಿಯೇ ಬಂದವರು. ಸೈಯದರ ಕಥೆ ಅಲ್ಲಿಗೆ ಮುಗಿಯಿತು, ಹುಡುಕಾಟ ಶುರುವಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ನಮ್ಮ ಕಡೆ ಪ್ರತಿ ಮೊಹಲ್ಲಾದಲ್ಲಿ ಆ ಹೆಸರಿನ ನಾಲ್ಕು ಜನ ಸಿಗುತ್ತಾರೆ. ನಮ್ಮವರ ಪೂರ್ವಜರನ್ನು ಹುಡುಕಲು ಹೊರಡುವ ಯಾರಿಗೂ ಮೊದಲು ಎದುರಾಗುವ ತೊಡಕು ಇದೇ. ಮನೆತನದ ಹೆಸರು ಎಂಬುದು ಇಲ್ಲ. ಶೇಖ್ ಎಂಬುದನ್ನೇ ಇಂಗ್ಲಿಷ್ ಗುಮಾಸ್ತರು ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಆದ್ದರಿಂದ ಹೆಸರಿಗಿಂತ ಸಂಖ್ಯೆ ಮುಖ್ಯ, ಸಂಖ್ಯೆಗಿಂತ ದಳದ ಹೆಸರು ಮುಖ್ಯ. ಮನೆಯಲ್ಲಿ ಇಂಥ ಪದಕವಿದ್ದವರು ಅದರ ಅಂಚನ್ನು ಉಜ್ಜಿ ಹೊಳಪು ಮಾಡಬಾರದು. ಅಕ್ಷರಗಳು ಸವೆದರೆ ಉಳಿದದ್ದು ಬರೀ ಲೋಹ.

ದಾದಿಗೆ ಗೊತ್ತಿದ್ದ ಸಂಗತಿಗಳು ಮೂರು. ಮಾವ ಯಾವತ್ತೂ "ಲಡಾಯಿಗೆ ಹೋಗಿದ್ದೆ" ಎನ್ನುತ್ತಿರಲಿಲ್ಲ, "ಮಿಸರಿಗೆ ಹೋಗಿದ್ದೆ" ಎನ್ನುತ್ತಿದ್ದರು. ಮಿಸರ್ ಎಂದರೆ ಈಜಿಪ್ಟ್. ಊರಿನವರು ಅವರನ್ನು ಮಿಸರ್‌ವಾಲೇ ಎಂದೇ ಕರೆಯುತ್ತಿದ್ದರು, ಹಜ್ ಮಾಡಿ ಬಂದವರಿರಬೇಕೆಂದು ಹೊಸಬರು ಸಲಾಮು ಹೇಳುತ್ತಿದ್ದರಂತೆ. ಎರಡನೆಯದು, ಒಂದು ನದಿಯ ಮರಳು ಕುದುರೆಯನ್ನು ಸವಾರನ ಸಮೇತ ನುಂಗಿದ ಕಥೆ. ಅದನ್ನು ಅವರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಮೂರನೆಯದನ್ನು ಕೊನೆಗೆ ಹೇಳುತ್ತೇನೆ.

ಮೈಸೂರು ಲ್ಯಾನ್ಸರ್ಸ್ ಎಂಬುದು ಬ್ರಿಟಿಷರ ಸೈನ್ಯವಾಗಿರಲಿಲ್ಲ. ಅದು ಮೈಸೂರು ಸಂಸ್ಥಾನದ ಭರ್ಜಿ ದಳ. 1889ರ ಸುಮಾರಿಗೆ ದೇಶೀಯ ಸಂಸ್ಥಾನಗಳು ಚಕ್ರಾಧಿಪತ್ಯದ ಸೇವೆಗೆಂದು ತಮ್ಮ ಖರ್ಚಿನಲ್ಲಿ ದಳಗಳನ್ನು ತರಬೇತಿ ಕೊಟ್ಟು ಇಟ್ಟುಕೊಳ್ಳುವ ಏರ್ಪಾಡು ಆಯಿತು. ಮೈಸೂರಿನಲ್ಲಿ ಅದಕ್ಕೆ ಆಳುಗಳು ಬಂದದ್ದು ಹಳೆಯ ಸಿಲೇದಾರ್ ಕುದುರೆ ದಳದಿಂದ. ಸಿಲೇದಾರರ ಬೇರು ಇನ್ನೂ ಹಿಂದಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಶಹೀದರಾದ ಮೇಲೆ ಅವರ ಸಾವಿರಾರು ಸವಾರರು ಒಮ್ಮೆಗೇ ನಿರುದ್ಯೋಗಿಗಳಾದರು. ಕುದುರೆ ಇದೆ, ಕತ್ತಿ ಇದೆ, ಸಂಬಳ ಕೊಡುವ ದೊರೆ ಇಲ್ಲ. ಇಂಥವರನ್ನು ಹಾಗೇ ಬಿಟ್ಟರೆ ಅಪಾಯವೆಂದು ಹೊಸ ಸರಕಾರಕ್ಕೆ ಗೊತ್ತಿತ್ತು. ಹಲವರು ಹೊಸ ದೊರೆಯ ಸೇವೆಗೆ ಸೇರಿದರು. 1807ರ ಒಪ್ಪಂದದಲ್ಲಂತೂ ಮೈಸೂರು 4,000 ಕುದುರೆ ಸವಾರರನ್ನು ಕಂಪನಿಯ ಕರೆಗೆ ಸಿದ್ಧವಾಗಿ ಇಟ್ಟಿರಬೇಕೆಂದು ಬರೆದುಕೊಳ್ಳಲಾಯಿತು. ಹೈದರ್ ಅಲಿಯ ಕುದುರೆ ದಳದಲ್ಲಿ ಬೆಳೆದ ಧೋಂಡಿಯಾ ವಾಘ್ 1800ರಲ್ಲಿ ಕಂಪನಿಯ ವಿರುದ್ಧ ದಂಗೆಯೆದ್ದಾಗ ಅವನ ಬೆನ್ನು ಹತ್ತಿದ ಸೈನ್ಯದಲ್ಲಿ ಮೈಸೂರಿನ ಸವಾರರೂ ಇದ್ದರು. ನಿನ್ನೆಯವರೆಗೆ ಒಂದೇ ಲಾಯದಲ್ಲಿ ಕುದುರೆ ಕಟ್ಟಿದವರು. ಸಿಪಾಯಿಗೆ ಎದುರಾಳಿಯನ್ನು ಆರಿಸಿಕೊಳ್ಳುವ ಹಕ್ಕು ಇಲ್ಲವೆಂಬುದು ನಮ್ಮ ನಾಡಿನ ಮುಸ್ಲಿಂ ಸವಾರರಿಗೆ 1914ಕ್ಕಿಂತ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ.

ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಸರಕಾರಕ್ಕೆ 50 ಲಕ್ಷ ರೂಪಾಯಿ ಕೊಟ್ಟರು, ಭರ್ಜಿ ದಳವನ್ನೂ ಕಳಿಸಿದರು. ದಳದಲ್ಲಿ ಮುಸ್ಲಿಮರಿದ್ದರು, ಮರಾಠರಿದ್ದರು, ಮೇಲಿನ ಅಧಿಕಾರಿಗಳಲ್ಲಿ ಅರಸು ಮನೆತನದವರಿದ್ದರು. 1914ರ ಅಕ್ಟೋಬರ್‌ನಲ್ಲಿ ಅವರು ಬೆಂಗಳೂರು ಬಿಟ್ಟಾಗ ತುರ್ಕಿ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಜರ್ಮನರ ಮೇಲೆ ಹೋಗುತ್ತಿದ್ದೇವೆಂದೇ ನಮ್ಮ ಮುತ್ತಜ್ಜ ಹಡಗು ಹತ್ತಿರಬೇಕು. ಮನೆಯಲ್ಲಿ "ಜರ್ಮನ್ ಲಡಾಯಿ" ಎಂಬ ಹೆಸರು ಉಳಿದದ್ದು ಬಹುಶಃ ಅದರಿಂದಲೇ. ನವೆಂಬರ್ ಆರಂಭದಲ್ಲಿ ತುರ್ಕಿಯೊಡನೆ ಯುದ್ಧ ಘೋಷಣೆಯಾಯಿತು. ನವೆಂಬರ್ 14ರಂದು ಇಸ್ತಾಂಬುಲಿನಲ್ಲಿ ಖಲೀಫರ ಹೆಸರಿನಲ್ಲಿ ಜಿಹಾದಿನ ಫತ್ವಾ ಓದಲಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲಕ್ಕೆ ಭಾರತದ ಎಷ್ಟೋ ಮಸೀದಿಗಳಲ್ಲಿ ಜುಮಾ ಖುತ್ಬಾದಲ್ಲಿ ತುರ್ಕಿಯ ಸುಲ್ತಾನರಿಗೆ ದುವಾ ಮಾಡುತ್ತಿದ್ದರು. ಖಲೀಫ ಎಂದರೆ ಮಕ್ಕಾ ಮದೀನಾಗಳ ಸೇವಕ. ಬ್ರಿಟಿಷರು ಇದನ್ನು ಚೆನ್ನಾಗಿ ಬಲ್ಲರು. ಆದ್ದರಿಂದಲೇ ಅರಬ್ ನಾಡಿನ ಪವಿತ್ರ ಸ್ಥಳಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ನವೆಂಬರ್‌ನಲ್ಲೇ ಘೋಷಣೆ ಹೊರಡಿಸಿದರು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಂದ, ಮುಸ್ಲಿಮರು ಸರಕಾರಕ್ಕೆ ನಿಷ್ಠರಾಗಿರಬೇಕೆಂಬ ಫರ್ಮಾನೂ ಬಂತು. ಎಲ್ಲರೂ ಒಪ್ಪಲಿಲ್ಲ. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿದ್ದ 5ನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆಯೆದ್ದರು. ತಮ್ಮನ್ನು ತುರ್ಕರ ಮೇಲೆ ಕಳಿಸುತ್ತಾರೆಂಬ ಸುದ್ದಿ ಅದಕ್ಕೆ ಒಂದು ಕಾರಣ. 47 ಜನರನ್ನು ಸಾರ್ವಜನಿಕವಾಗಿ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಮರುವರ್ಷ ಬಸ್ರಾದಲ್ಲಿ 15ನೇ ಲ್ಯಾನ್ಸರ್ಸ್ ದಳದವರು ಪವಿತ್ರ ಸ್ಥಳಗಳ ದಿಕ್ಕಿಗೆ ಹೆಜ್ಜೆ ಇಡುವುದಿಲ್ಲವೆಂದು ಕುಳಿತುಬಿಟ್ಟರು. ನಾನೂರಕ್ಕೂ ಹೆಚ್ಚು ಜನರಿಗೆ ಕರಿನೀರಿನ ಶಿಕ್ಷೆಯಾಯಿತು. ಇವು ದೊಡ್ಡ ಸುದ್ದಿಗಳು, ಆದರೆ ಅಪವಾದಗಳು. ಲಕ್ಷಾಂತರ ಮುಸ್ಲಿಂ ಸಿಪಾಯಿಗಳು ಹೋದರು, ಯುದ್ಧ ಮಾಡಿದರು. ನಮ್ಮ ಮುತ್ತಜ್ಜನೂ ಅವರಲ್ಲೊಬ್ಬರು. ಏಕೆ ಮಾಡಿದರು? ಸಂಬಳಕ್ಕೆ ಎಂದು ಹೇಳಿಬಿಡುವುದು ಸುಲಭ. ಉಪ್ಪಿನ ಋಣ ಎಂಬ ಮಾತನ್ನು ಆ ತಲೆಮಾರು ನಾವು ಊಹಿಸುವುದಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತಿತ್ತು ಎಂದು ನನಗನಿಸುತ್ತದೆ. ಅದೂ ಒಂದು ಊಹೆಯೇ.

ದಳ ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತು. 1915ರ ಫೆಬ್ರವರಿ 3ರಂದು ತುರ್ಕರು ಕಾಲುವೆಯ ಮೇಲೆ ದಾಳಿ ಮಾಡಿದಾಗ ಎದುರಿಗಿದ್ದವರಲ್ಲಿ ಬಹುಪಾಲು ಭಾರತದ ಸೈನಿಕರು. ಅಲ್ಲಿಂದ ಸಿನಾಯಿ ಮರುಭೂಮಿ, 1917ರ ಕೊನೆಗೆ ಗಾಜಾ. ಆ ವರ್ಷ ಡಿಸೆಂಬರ್‌ನಲ್ಲಿ ಬೈತುಲ್ ಮುಖದ್ದಸ್ ಬ್ರಿಟಿಷರ ಕೈಸೇರಿತು. ಜನರಲ್ ಅಲೆನ್‌ಬಿ ಒಂದು ಕೆಲಸ ಮಾಡಿದ. ಹರಮ್ ಶರೀಫಿನ ಸುತ್ತ ಕಾವಲಿಗೆ ಭಾರತೀಯ ಮುಸ್ಲಿಂ ಅಧಿಕಾರಿಗಳನ್ನು, ಸಿಪಾಯಿಗಳನ್ನು ನಿಲ್ಲಿಸಿದ. ಮುಸ್ಲಿಂ ಜಗತ್ತಿಗೆ ಸಮಾಧಾನ ಹೇಳುವ ರಾಜಕೀಯ ಅದರಲ್ಲಿತ್ತು. ಆದರೂ ಬಂದೂಕು ಹಿಡಿದು ಖುಬ್ಬತುಸ್ಸಖ್ರಾದ ಎದುರು ನಿಂತ ಆ ಸಿಪಾಯಿ, ಅದೇ ಬಂದೂಕಿನಿಂದ ಅದನ್ನು ಗೆದ್ದವನೂ ಹೌದು. ನಮ್ಮ ಮುತ್ತಜ್ಜ ಆ ಕಾವಲಿನಲ್ಲಿ ಇರಲಿಲ್ಲ. ಇದ್ದಿದ್ದರೆ ಮನೆಯಲ್ಲಿ ಆ ಕಥೆ ಖಂಡಿತ ಉಳಿಯುತ್ತಿತ್ತು.

ಇಷ್ಟೆಲ್ಲ ದಿನಾಂಕ ಹೇಗೆ ಸಿಕ್ಕಿತೆಂದು ಕೇಳಬಹುದು. ಆಗ ಪ್ರತಿ ದಳವೂ ಯುದ್ಧದ ದಿನಚರಿ ಬರೆಯಬೇಕಿತ್ತು. ಅವು ಈಗ ಲಂಡನ್ನಿನ ಹತ್ತಿರ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಎಲ್ಲಿ ಬೀಡುಬಿಟ್ಟರು, ಎಷ್ಟು ಮೈಲಿ ನಡೆದರು, ಕುದುರೆಗೆ ನೀರು ಎಲ್ಲಿ ಸಿಕ್ಕಿತು ಎಂಬುದೆಲ್ಲ ಇಂಥ ದಿನಚರಿಗಳಲ್ಲಿ ಇರುತ್ತದೆ. ಬ್ರಿಟಿಷ್ ಅಧಿಕಾರಿಗೆ ಗಾಯವಾದರೆ ಹೆಸರು ಬರುತ್ತದೆ. ಭಾರತೀಯ ಅಧಿಕಾರಿಗೆ ಆದರೆ ಸಾಮಾನ್ಯವಾಗಿ ಹೆಸರು ಬರುತ್ತದೆ. ಸವಾರನಾದರೆ "ಇತರ ಶ್ರೇಣಿ, ಇಷ್ಟು ಜನ" ಎಂದು ಒಂದು ಅಂಕಿ. ನಮ್ಮ ಮುತ್ತಜ್ಜ ಆ ಅಂಕಿಗಳೊಳಗೆ ಎಲ್ಲೋ ಇದ್ದಾರೆ. ಅವರು ಎಲ್ಲಿದ್ದರೆಂದು ದಿನದಿನಕ್ಕೂ ಹೇಳಬಹುದು, ಅವರು ಇದ್ದರೆಂದು ಹೇಳಲಾಗುವುದಿಲ್ಲ.

ಸತ್ತವರ ಸಂಗತಿ ಬೇರೆ. ಸತ್ತಿದ್ದರೆ ಹುಡುಕುವುದು ಸುಲಭವಾಗುತ್ತಿತ್ತು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು, ಕೆಲವೊಮ್ಮೆ ತಂದೆಯ ಹೆಸರು, ಊರು ಎಲ್ಲ ಸಿಗುತ್ತವೆ. ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಸತ್ತು ಗೋರಿಯೂ ಇಲ್ಲದ ಸುಮಾರು 4,000 ಭಾರತೀಯರ ಹೆಸರಿಗೆ ಸೂಯೆಜಿನ ಬಾಯಲ್ಲಿ ಪೋರ್ಟ್ ತೌಫೀಕ್‌ನಲ್ಲಿ ಒಂದು ಸ್ಮಾರಕವಿತ್ತು. ಅರಬ್ ಇಸ್ರೇಲ್ ಯುದ್ಧಗಳಲ್ಲಿ ಅದು ಪುಡಿಯಾಯಿತು. ಆಮೇಲೆ 1980ರಲ್ಲಿ ಆ ಹೆಸರುಗಳನ್ನು ಕೈರೋದ ಹೆಲಿಯೊಪೊಲಿಸ್ ಸ್ಮಶಾನದಲ್ಲಿ ಮತ್ತೆ ಕೆತ್ತಿಸಿದರು. ಬದುಕಿ ಬಂದ ಸಿಪಾಯಿಯ ಹೆಸರನ್ನು ಹಾಗೆ ಯಾರೂ ಕೆತ್ತುವುದಿಲ್ಲ. ಪಂಜಾಬಿನವರಿಗೆ ಮಾತ್ರ ಒಂದು ಅದೃಷ್ಟ ಒದಗಿತು. ಹಳ್ಳಿವಾರು ಬರೆದಿಟ್ಟ 3 ಲಕ್ಷ 20 ಸಾವಿರ ಸೈನಿಕರ ದಾಖಲೆಗಳು ಲಾಹೋರಿನ ವಸ್ತುಸಂಗ್ರಹಾಲಯದ ತಳಮನೆಯಲ್ಲಿ ಉಳಿದಿದ್ದವು. 2021ರಿಂದ ಅವು ಜನರಿಗೆ ಸಿಗತೊಡಗಿದವು. ನಮಗೆ ಅಂಥ ಪುಸ್ತಕವಿಲ್ಲ.

ಇನ್ನು 1918ರ ಸೆಪ್ಟೆಂಬರ್ 23. ಇದೊಂದು ದಿನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನದಿಯ ಕಥೆ ಇಲ್ಲಿದೆ.

ಹೈಫಾ ಕಡಲತೀರದ ಪಟ್ಟಣ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ತೋಪುಗಳು, ಕೆಳಗೆ ಮಷೀನ್‌ಗನ್‌ಗಳು. ಹಿಂದಿನ ದಿನ ಬ್ರಿಟಿಷರ ಕವಚದ ಮೋಟಾರುಗಳು ಹೋಗಿ ಪೆಟ್ಟು ತಿಂದು ವಾಪಸಾಗಿದ್ದವು. 23ರಂದು ಮೈಸೂರು ಮತ್ತು ಜೋಧಪುರದ ಭರ್ಜಿ ದಳಗಳು ಹೊರಟವು. ಬೆಟ್ಟದ ತೋಪುಗಳ ಬಾಯಿ ಮುಚ್ಚಿಸಲು ಮೈಸೂರಿನ ಒಂದು ಸ್ಕ್ವಾಡ್ರನ್ ಹಿಂದಿನಿಂದ ಕಡಿದಾದ ಕಾಲುದಾರಿ ಹಿಡಿದು ಮೇಲೆ ಹತ್ತಿತು. ಇನ್ನೊಂದು ಭಾಗ ಪಟ್ಟಣದ ಪೂರ್ವಕ್ಕೆ ಹೋಯಿತು. ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದವರು ಬಯಲಿಗೆ ನುಗ್ಗಿದರು. ಕಿಶೋನ್ ದಾಟಬೇಕೆಂದು ಮುಂದೆ ಹೋದ ಸವಾರರ ಕುದುರೆಗಳು ಹುಸಿಮರಳಿನಲ್ಲಿ ಮುಳುಗಿದವು. ನದಿ ದಾಟುವುದು ಸಾಧ್ಯವಿಲ್ಲವೆಂದು ಗುಂಡಿನ ಸುರಿಮಳೆಯ ನಡುವೆಯೇ ದಳ ಎಡಕ್ಕೆ ಹೊರಳಿ ಬೆಟ್ಟದ ಬುಡದ ದಾರಿ ಹಿಡಿಯಿತು. ಹಿಂದೆಯೇ ಮೈಸೂರಿನವರು ನುಗ್ಗಿದರು. ಬೆಟ್ಟ ಹತ್ತಿದವರು ತೋಪುಗಳನ್ನು ವಶಪಡಿಸಿಕೊಂಡಿದ್ದರು. ಸಂಜೆಯೊಳಗೆ ಹೈಫಾ ಬಿತ್ತು. 1,350 ಜನ ಸೆರೆಸಿಕ್ಕರು, 17 ತೋಪು, 11 ಮಷೀನ್‌ಗನ್ ದೊರೆತವು. ದಾಳಿ ಮಾಡಿದವರಲ್ಲಿ ಸತ್ತವರು ಹತ್ತಕ್ಕಿಂತ ಕಡಿಮೆ, ಗಾಯಗೊಂಡವರು 34. ಜೋಧಪುರದ ಮೇಜರ್ ದಲಪತ್ ಸಿಂಗ್ ಸತ್ತವರಲ್ಲಿ ಒಬ್ಬ. ಕುದುರೆಗಳು 60 ಸತ್ತವು, 83 ಗಾಯಗೊಂಡವು.

ದಾದಿ ಹೇಳುತ್ತಿದ್ದ ಕಥೆಯಲ್ಲಿ ಮರಳು ನುಂಗಿದ್ದು ಮಾವನ ಜೊತೆಗಾರನ ಕುದುರೆಯನ್ನು. ದಾಖಲೆಯ ಪ್ರಕಾರ ಅದು ಜೋಧಪುರದವರದು. ಮೊದಲು ಇದನ್ನು ಓದಿದಾಗ ಮುತ್ತಜ್ಜ ಸುಳ್ಳು ಹೇಳಿದರೇನೋ ಎಂದು ಬೇಸರವಾಯಿತು. ಆಮೇಲೆ ಹಾಗನಿಸಲಿಲ್ಲ. ಒಂದೇ ಬ್ರಿಗೇಡಿನಲ್ಲಿ ಒಂದೇ ನೀರು ಕುಡಿದವರು, ಜೋಧಪುರದವನೂ ಜೊತೆಗಾರನೇ. ಕಥೆ ಸುಳ್ಳಲ್ಲ, ಮನೆಯಲ್ಲಿ ಅದನ್ನು ಕೇಳಿಸಿಕೊಂಡ ನಾವು ಜೊತೆಗಾರ ಎಂದರೆ ನಮ್ಮೂರಿನವನೇ ಎಂದು ತಿಳಿದೆವು.

ಹೈಫಾದ ನಂತರ ಉತ್ತರಕ್ಕೆ ದಮಾಸ್ಕಸ್, ಅಲ್ಲಿಂದ ಅಲೆಪ್ಪೊ. ಸುಮಾರು ಐದು ವಾರಗಳಲ್ಲಿ 500 ಮೈಲಿಗೂ ಹೆಚ್ಚು. ದಮಾಸ್ಕಸ್‌ನಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಗುಂಡಿಗಿಂತ ಹೆಚ್ಚು ಜನರನ್ನು ಮಲಗಿಸಿದವು. ಅಕ್ಟೋಬರ್ 26ರಂದು ಅಲೆಪ್ಪೊದ ಆಚೆ ಹರಿತಾನ್ ಎಂಬಲ್ಲಿ ಮೈಸೂರು ದಳ ಮುಂದೆ, ಜೋಧಪುರದವರು ಹಿಂದೆ, ಹಿಮ್ಮೆಟ್ಟುತ್ತಿದ್ದ ತುರ್ಕರ ಮೇಲೆ ಭರ್ಜಿ ಹಿಡಿದು ಏರಿಹೋದರು. ತುರ್ಕರು ಎಣಿಸಿದ್ದಕ್ಕಿಂತ ಹೆಚ್ಚಿದ್ದರು. ಆ ಭಾಗದಲ್ಲಿ ಅವರನ್ನು ನಡೆಸುತ್ತಿದ್ದವನು ಮುಸ್ತಫಾ ಕಮಾಲ್, ಮುಂದೆ 1924ರಲ್ಲಿ ಖಿಲಾಫತ್ತನ್ನೇ ರದ್ದು ಮಾಡಿದವನು. ಬ್ರಿಗೇಡಿನ 21 ಜನ ಸತ್ತರು. ನಾಲ್ಕು ದಿನಕ್ಕೆ ಯುದ್ಧವಿರಾಮದ ಸಹಿ ಬಿತ್ತು. ಹೈಫಾದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹರಿತಾನಿನ ಬಗ್ಗೆ ಬರೆಯುವವರು ಕಡಿಮೆ. ಮೈಸೂರಿನವರ ಪಾಲಿಗೆ ಹೆಚ್ಚು ಕಠಿಣವಾಗಿದ್ದದ್ದು ಅದೇ ಎಂದು ನನ್ನ ಅಭಿಪ್ರಾಯ.

ದಳ ಬೆಂಗಳೂರಿಗೆ ಮರಳಿದ್ದು 1920ರಲ್ಲಿ. ಅದೇ ವರ್ಷ ಆಗಸ್ಟ್ 1ರಂದು ಗಾಂಧೀಜಿ ಖಿಲಾಫತ್ ವಿಷಯದಲ್ಲಾದ ಅನ್ಯಾಯವನ್ನು ಪ್ರತಿಭಟಿಸಿ ತಮ್ಮ ಕೈಸರ್ ಎ ಹಿಂದ್ ಮತ್ತು ಹಳೆಯ ಯುದ್ಧಪದಕಗಳನ್ನು ವೈಸ್‌ರಾಯಿಗೆ ಹಿಂದಿರುಗಿಸಿದರು. ಆಗಸ್ಟ್ 21ರಂದು ಅವರು ಮೌಲಾನಾ ಶೌಕತ್ ಅಲಿಯವರೊಂದಿಗೆ ಬೆಂಗಳೂರಿಗೆ ಬಂದು ಮಾತನಾಡಿದರು. ಖಲೀಫರ ಸೈನ್ಯವನ್ನು ಸೋಲಿಸಿ ಬಂದ ಸವಾರರು ಮತ್ತು ಖಲೀಫರಿಗಾಗಿ ಕಣ್ಣೀರಿಟ್ಟ ಜನ ಒಂದೇ ಊರಿನಲ್ಲಿ, ಒಂದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಮಾಜಿಗೆ ನಿಂತಿರಬೇಕು. ಊರಿನವರು ಅವರನ್ನು ಏನೆಂದು ನೋಡಿದರು? "ಮಿಸರಿಗೆ ಹೋಗಿದ್ದೆ" ಎಂಬ ಮಾತು ಆಗ ಹುಟ್ಟಿದ್ದೆಂದು ನನ್ನ ಅನುಮಾನ. ಮಿಸರಿಗೆ ಹೋದವನನ್ನು ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ತುರ್ಕರ ಮೇಲೆ ಹೋದವನನ್ನು ಕೇಳುತ್ತಾರೆ.

ಕಂಚಿನ ಬಿಲ್ಲೆಯ ಜೊತೆ ಒಂದು ಬೆಳ್ಳಿಯದೂ ಇರಬೇಕಿತ್ತು. ಹೊರದೇಶದ ರಣರಂಗಕ್ಕೆ ಹೋದ ಸಿಪಾಯಿಗಳಿಗೆ ಸಾಮಾನ್ಯವಾಗಿ ಎರಡನ್ನೂ ಕೊಡುತ್ತಿದ್ದರು. ಅದು ನಮ್ಮಲ್ಲಿಲ್ಲ. ಏನಾಯಿತೆಂಬುದಕ್ಕೆ ಮನೆಯಲ್ಲಿ ಎರಡು ಕಥೆಗಳಿವೆ. ತಂದೆಯ ಅತ್ತೆಯೊಬ್ಬರ ಮದುವೆಗೆ ಚಿನಿವಾರರ ಅಂಗಡಿಗೆ ಹೋಯಿತು ಎನ್ನುವುದು ಒಂದು. ಹೆಂಗಸರು ಖಿಲಾಫತ್ ನಿಧಿಗೆ ಬಳೆ, ಕಾಲ್ಗಡಗ ಬಿಚ್ಚಿ ಕೊಡುವಾಗ ಮುತ್ತಜ್ಜ ತಮ್ಮ ಬೆಳ್ಳಿ ಪದಕವನ್ನು ಹಾಕಿದರು ಎನ್ನುವುದು ಇನ್ನೊಂದು. ಎರಡನೆಯದು ನಿಜವಾಗಿರಲಿ ಎಂದು ನನಗೆ ಬಹಳ ಆಸೆ, ಆದ್ದರಿಂದಲೇ ಅದನ್ನು ನಂಬಲು ಹೆದರುತ್ತೇನೆ. ನಿಧಿಸಂಗ್ರಹ ಜೋರಾಗಿದ್ದದ್ದು 1920-21ರಲ್ಲಿ. ಆ ಪದಕ ಸ್ಥಾಪನೆಯಾದದ್ದೇ 1919ರ ಜುಲೈನಲ್ಲಿ, ಲಕ್ಷಾಂತರ ಸಿಪಾಯಿಗಳ ಹೆಸರು ಅಚ್ಚೊತ್ತಿ ಹಂಚಲು ವರ್ಷಗಳೇ ಹಿಡಿದವು. ದಿನಾಂಕಗಳು ಸರಿಯಾಗಿ ಕೂಡುವುದಿಲ್ಲ. ಚಿನಿವಾರರ ಕಥೆಗೆ ಅಂಥ ತೊಂದರೆಯಿಲ್ಲ.

1922ರಲ್ಲಿ ದೆಹಲಿಯಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ದಳಗಳ ನೆನಪಿಗೆ ಮೂರು ಕಂಚಿನ ಸೈನಿಕರನ್ನು ನಿಲ್ಲಿಸಿದರು. ತೀನ್ ಮೂರ್ತಿ ಎಂಬ ಹೆಸರು ಬಂದದ್ದು ಅವರಿಂದ. ಸ್ವಾತಂತ್ರ್ಯಾನಂತರ ಮೈಸೂರು ದಳ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿಯ ಸಮ್ಮುಖದಲ್ಲಿ ಆ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಭಾರತದ ವೀರರು ಹೈಫಾವನ್ನು ಬಿಡುಗಡೆ ಮಾಡಿದರು ಎಂಬ ಮಾತು ಈಗ ಭಾಷಣಗಳಲ್ಲಿ ಕೇಳಿಬರುತ್ತದೆ. ಯಾರನ್ನು ಯಾರಿಂದ ಬಿಡುಗಡೆ ಮಾಡಿದರು? 1918ರ ಹೈಫಾದಲ್ಲಿ ಬಹುಸಂಖ್ಯಾತರು ಅರಬರು. ಮೂವತ್ತು ವರ್ಷ ಬ್ರಿಟಿಷರು ಆಳಿದರು. 1948ರ ಏಪ್ರಿಲ್‌ನಲ್ಲಿ ಆ ಪಟ್ಟಣದ ಹತ್ತಾರು ಸಾವಿರ ಅರಬರು ಮನೆ ಬಿಟ್ಟು ದೋಣಿ ಹತ್ತಿದರು, ಉಳಿದವರು ಕೆಲವೇ ಸಾವಿರ. ಇದರಲ್ಲಿ ಒಬ್ಬ ಸವಾರನ ಪಾಲೆಷ್ಟು ಎಂದು ಲೆಕ್ಕ ಹಾಕಲು ನಾನು ಹೊರಟಿಲ್ಲ. ಆದರೆ ನಮ್ಮ ಮುತ್ತಜ್ಜನ ಭರ್ಜಿಯನ್ನು ಇಂದಿನ ರಾಜಕೀಯಕ್ಕೆ ಎರವಲು ಪಡೆಯುವವರು, ಅದನ್ನು ಹಿಡಿದವನು ಕಲಿಮಾ ಓದುವವನು, ಅದರ ಮೊನೆಯ ಎದುರು ನಿಂತವನೂ ಕಲಿಮಾ ಓದುವವನು ಎಂಬುದನ್ನೂ ಜೊತೆಗೆ ಹೇಳಬೇಕಾಗುತ್ತದೆ.

ಬೆಂಗಳೂರಿನಲ್ಲಿ ಮೇಖ್ರಿ ವೃತ್ತಕ್ಕೆ ಹತ್ತಿರ, ಜಯಚಾಮರಾಜೇಂದ್ರ ನಗರದ ಕಡೆ, ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವಿದೆ. ಕಲ್ಲಿನ ಮೇಲೆ ಸತ್ತವರ ಹೆಸರುಗಳಿವೆ, ಮುಸ್ಲಿಂ ಹೆಸರು, ಹಿಂದೂ ಹೆಸರು ಒಂದರ ಕೆಳಗೆ ಒಂದು. ಮುತ್ತಜ್ಜನ ಹೆಸರು ಅಲ್ಲಿಲ್ಲವೆಂದು ಗೊತ್ತಿದ್ದೇ ಹೋಗಿದ್ದೆ. ಬಿಸಿಲಿನಲ್ಲಿ ನಿಂತು ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಅವರಲ್ಲಿ ಒಬ್ಬಿಬ್ಬರಾದರೂ ಅವರ ಪಕ್ಕದ ಕುದುರೆಯವರಾಗಿರಬೇಕು.

ದಾದಿ ಹೇಳಿದ ಮೂರನೆಯ ಸಂಗತಿ ಇದು. ಶಬೇ ಬರಾತಿನ ಸಂಜೆ ಮನೆಯಲ್ಲಿ ಹಲ್ವಾ ಮಾಡಿ, ತೀರಿಹೋದ ಹಿರಿಯರ ಹೆಸರು ಹಿಡಿದು ಫಾತಿಹಾ ಓದಿಸುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಈ ರೂಢಿ ನಿಂತಿದೆ, ಆಗ ಇತ್ತು. ಎಲ್ಲ ಹೆಸರು ಮುಗಿದ ಮೇಲೆ ಮಾವ ಇನ್ನೊಂದು ತಟ್ಟೆ ಬೇರೆ ಇಡಿಸುತ್ತಿದ್ದರಂತೆ. ಹೊಸದಾಗಿ ಸೊಸೆಯಾಗಿ ಬಂದ ವರ್ಷ ದಾದಿ ತಿಳಿಯದೆ, ಇದು ಯಾರದು ಎಂದು ಕೇಳಿದರು. "ಮಿಸರಿನವರದು" ಎಂದರಂತೆ. ಜೊತೆಗೆ ಹೋಗಿ ಸತ್ತವರೋ, ಎದುರಿಗಿದ್ದು ಸತ್ತವರೋ ಎಂದು ನಾನು ದಾದಿಯನ್ನು ಕೇಳಿದೆ. "ಹೆಸರು ಹೇಳಲಿಲ್ಲಪ್ಪ, ನಾನೂ ಕೇಳಲಿಲ್ಲ. ಆ ತಟ್ಟೆಯನ್ನು ಮಾತ್ರ ಮೊದಲು ಹೊರಗೆ ಕಳಿಸುತ್ತಿದ್ದರು" ಎಂದರು.